ಬಿಸಿಲಿಗಿಟ್ಟ ಪಿಟೀಲು

ಬೇಸಗೆ ರಜೆ ಹತ್ತಿರ ಬಂತೆಂದರೆ ನಮ್ಮ ಶಾಲೆಯವರಿಗೆ ಮೊದಲು ನೆನಪಾಗುವುದು ಬೀಗ. ಪರೀಕ್ಷೆ ಮುಗಿದ ಮಧ್ಯಾಹ್ನವೇ ಕಂಪ್ಯೂಟರ್ ಕೋಣೆಗೆ ಒಂದು, ಲೈಬ್ರರಿಗೆ ಒಂದು, ಆಟದ ಸಾಮಾನಿನ ಕಪಾಟಿಗೆ ಒಂದು. ಬಲ್ಮಠದ ಆ ಶಾಲೆಯಲ್ಲಿ ನಾನು ಕನ್ನಡ ಕಲಿಸಲು ತೊಡಗಿ ಬಹಳ ವರ್ಷಗಳಾದವು. ಮಕ್ಕಳು ಓದಲೆಂದು ತಂದ ಪುಸ್ತಕಗಳು ಮಕ್ಕಳಿಗೆ ಬಿಡುವಿರುವ ತಿಂಗಳುಗಳಲ್ಲೇ ಯಾಕೆ ಬೀಗದೊಳಗೆ ಇರಬೇಕು ಎಂದು ಕೇಳಿ ಕೇಳಿ ಬಾಯಿ ಒಣಗಿದೆ. ಸಂಗೀತದ ಕೋಣೆಗೂ ಬೀಗ ಬೀಳುತ್ತಿತ್ತು. ಆದರೆ ಅದು ಬೀಳುವ ಹೊತ್ತಿಗೆ ಒಳಗೆ ಖಾಲಿ ಬೆಂಚುಗಳನ್ನು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು, ಕೊಳಲು ಎಲ್ಲವನ್ನೂ ಸಂಗೀತದ ದೇಯಿ ಟೀಚರ್ ಅಷ್ಟರೊಳಗೆ ಮಕ್ಕಳ ಕೈಯಲ್ಲಿ ಅವರವರ ಮನೆಗೆ ಕಳುಹಿಸಿಬಿಟ್ಟಿರುತ್ತಿದ್ದರು.

ಕಳುಹಿಸುವುದಕ್ಕೂ ಅವರದ್ದೇ ಒಂದು ಕ್ರಮ ಇತ್ತು. ಮಗು ಒಂದೇ ಬಂದರೆ ಕೊಡುತ್ತಿರಲಿಲ್ಲ, ಮನೆಯ ದೊಡ್ಡವರು ಯಾರಾದರೂ ಬರಬೇಕು. ಅವರ ಎದುರು ಮಗು ಕಲಿತ ಒಂದು ಸಾಲು ನುಡಿಸಬೇಕು. ಆಮೇಲೆ ಟೀಚರ್ ದೊಡ್ಡವರ ಕಡೆ ತಿರುಗಿ ಹೇಳುತ್ತಿದ್ದರು: "ಈಗ ಕೇಳಿದ್ರಲ್ಲ, ಜೂನ್‌ನಲ್ಲಿ ಇಷ್ಟಾದ್ರೂ ಉಳಿದಿರ್ಬೇಕು. ನಾನು ಮಧ್ಯದಲ್ಲಿ ಮನೆಗೆ ಬರ್ತೇನೆ. ಯಾವಾಗ ಅಂತ ಹೇಳುವುದಿಲ್ಲ." ಅವರು ನಿಜವಾಗಿಯೂ ಹೋಗುತ್ತಿದ್ದರು. ಮೇ ತಿಂಗಳ ಸೆಕೆಯಲ್ಲಿ, ಕೊಡೆ ಹಿಡಿದುಕೊಂಡು, ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಮನೆಯಿಂದ ಮನೆಗೆ. ಕೆಲವು ಮನೆಗಳಲ್ಲಿ ಒಳಗೆ ಹೋಗದೆ ಹೊರಗೇ ನಿಂತು ಕೇಳುತ್ತಿದ್ದರು. ಕೊಳಲಿನ ಯಶ್ಮಿತಾ ಒಮ್ಮೆ ಇವರು ಗೇಟಿನ ಹತ್ತಿರ ನಿಂತದ್ದು ಕಂಡು ಹೆದರಿ ಬಚ್ಚಲಿಗೆ ಓಡಿದ್ದಳಂತೆ. ಅದನ್ನು ಹೇಳಿಕೊಂಡು ಟೀಚರ್ ವಾರವಿಡೀ ನಕ್ಕಿದ್ದರು.

ಇದಕ್ಕೆ ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಸಂಬಳವನ್ನೂ ಕೊಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುವವರಿದ್ದರು, ನಾನೂ ಮಾಡುತ್ತಿದ್ದೆ. "ಎಂತ ಟೀಚರೇ, ರಜೆಯಲ್ಲಾದ್ರೂ ಮಕ್ಕಳನ್ನು ಬಿಡಬಾರದಾ?" ಅಂದರೆ ಅವರದ್ದು ಒಂದೇ ಉತ್ತರ: "ನನ್ನನ್ನು ಬಿಟ್ಟಿದ್ರು ಮಾರಾಯ್ರೆ, ಅದಕ್ಕೇ ನಾನು ಹೀಗಾದದ್ದು."

ಅದು ನೆಗಾಡಿ ಮರೆಯುವ ಮಾತಾಗಿರಲಿಲ್ಲ. ದೇಯಿ ಟೀಚರ್ ದೇರೆಬೈಲಿನವರು. ತಂದೆ ಬೋಜ ಎನ್ನುವವರು ಗದ್ದೆ ಇದ್ದ ಕಾಲದಲ್ಲಿ ಗದ್ದೆ ಮಾಡಿದರು. ಗದ್ದೆ ಹೋದ ಮೇಲೆ ಅದೇ ಜಾಗದಲ್ಲಿ ಎದ್ದ ಫ್ಲಾಟಿಗೆ ವಾಚ್‌ಮನ್ ಆದರು. ಆ ಕಾಲದಲ್ಲಿ ಪಕ್ಕದ ಕಂಪೌಂಡಿನ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಹುಡುಗಿಯ ಆಸೆ ನೋಡಿ ತಮ್ಮ ಪಿಟೀಲನ್ನೇ ಕೈಗೆ ಕೊಟ್ಟು ಸಂಜೆ ಹೊತ್ತು ತಮ್ಮ ಮನೆಯಲ್ಲಿ ಪಾಠ ಹೇಳಿದರು. ರಜೆ ಬಂದ ಕೂಡಲೇ ಅವರು ಮನೆಗೆ ಬೀಗ ಹಾಕಿ ಮೈಸೂರಿನ ಮಗಳ ಮನೆಗೆ ಹೊರಡುತ್ತಿದ್ದರು. ಪಿಟೀಲು ಒಳಗೆ, ಹುಡುಗಿ ಹೊರಗೆ. ಮರೆತುಹೋಗಬಾರದು ಎಂದು ಅವಳು ತನ್ನ ಬಲಗೈಯ ಮೇಲೆಯೇ ಎಡಗೈ ಬೆರಳುಗಳನ್ನು ಓಡಿಸಿ ಅಭ್ಯಾಸ ಮಾಡುತ್ತಿದ್ದಳು. ಆದರೆ ಕೈಯಿಂದ ಸ್ವರ ಬರುತ್ತದೆಯೇ? ಮಳೆಗಾಲಕ್ಕೆ ಪೋಸ್ಟ್‌ಮಾಸ್ಟರು ಬಂದು ಕೇಳಿದರೆ ಎಲ್ಲವೂ ಜಾರಿರುತ್ತಿತ್ತು, ಪುನಃ ಸರಳೆಯಿಂದ ಸುರು. ಒಂದು ವರ್ಷ ಅವರಿಗೂ ಬೇಸರ ಬಂತು. "ನಿನಗೆ ಇದು ಆಗ್ಲಿಕ್ಕಿಲ್ಲ ಮಗಾ, ಪಾಠಪುಸ್ತಕ ಓದು" ಅಂದರು. ಟೀಚರ್ ಹಟ ಹಿಡಿದು ಬೇರೆ ಕಡೆ ಕಲಿತರು, ಪರೀಕ್ಷೆ ಪಾಸು ಮಾಡಿದರು, ಶಾಲೆಗೆ ಸೇರಿದರು, ಮಸ್ಕತ್‌ನಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ವರ್ಷಕ್ಕೊಮ್ಮೆ ಗಂಡನ ಮುಖ ನೋಡಿದರು. ಆದರೆ ಸಂಗೀತ ಕಚೇರಿ ಕೊಡುವ ಕೈ ತನ್ನದಾಗಲಿಲ್ಲ ಎಂಬ ಸಂಕಟ ಅವರಿಗೆ ಕೊನೆಯವರೆಗೂ ಇತ್ತು, ಅದನ್ನು ಅಡಗಿಸುತ್ತಲೂ ಇರಲಿಲ್ಲ.

ದೇಯಿ ಟೀಚರ ಕೈಗೆ ಆಮ್ನಾ ಸಿಕ್ಕಿದ್ದು ಆರನೇ ಕ್ಲಾಸಿನಲ್ಲಿ. ಕುದ್ರೋಳಿಯ ಹುಡುಗಿ. ಅಪ್ಪ ನಿಝಾರ್ ಶಾರ್ಜಾದಲ್ಲಿ. ಇಲ್ಲಿ ಅಮ್ಮ ರೈಹಾನಾ, ಅಜ್ಜಿ ಸುಹರಾ, ಅಜ್ಜ ಮೊಯ್ದೀನಬ್ಬ. ಅಜ್ಜನಿಗೆ ಬಂದರಿನಲ್ಲಿ ಒಣಮೆಣಸಿನ ಸಗಟು ವ್ಯಾಪಾರ. ಹುಡುಗಿ ಮಾತು ಕಡಿಮೆ. ನನ್ನ ಕ್ಲಾಸಿನಲ್ಲಿ ಕಂಠಪಾಠ ಒಪ್ಪಿಸು ಎಂದರೆ ನೆಲ ನೋಡುತ್ತಿದ್ದಳು. ಪಿಟೀಲು ಕೊಟ್ಟರೆ ಮಾತ್ರ ಬೇರೆಯೇ ಮಗು. ಒಂದು ದಿನ ದೇಯಿ ಟೀಚರ್ ನನ್ನನ್ನು ಎಳೆದುಕೊಂಡು ಹೋಗಿ ಸಂಗೀತದ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಆಮ್ನಾ ಮೋಹನ ರಾಗದ ಒಂದು ಗೀತೆ ನುಡಿಸುತ್ತಿದ್ದಳು. ಸಂಗೀತ ನನಗೆ ಅಷ್ಟಕ್ಕಷ್ಟೇ, ಆದರೂ ಕಾಲು ಕಿತ್ತು ಹೋಗಲು ಆಗಲಿಲ್ಲ. ಟೀಚರ್ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಕೈ ಇದೊಂದು. ಇದನ್ನು ರಜೆ ತಿಂದ್ರೆ ನನಗೆ ಸಹಿಸ್ಲಿಕ್ಕೆ ಆಗ್ಲಿಕ್ಕಿಲ್ಲ."

ಸಂಗೀತದ ಜೂನಿಯರ್ ಪರೀಕ್ಷೆಗೆ ಅವಳನ್ನು ಕೂರಿಸಬೇಕೆಂದು ಅವರು ನಿಶ್ಚಯ ಮಾಡಿದ್ದರು. ಅದಕ್ಕೆ ಏಳನೇ ಕ್ಲಾಸಿನ ಬೇಸಗೆ ರಜೆಯಲ್ಲಿ ಕೈ ಬಿಡದೆ ಅಭ್ಯಾಸ ನಡೆಯಬೇಕು. ಪಿಟೀಲು ಮನೆಗೆ ಹೋಗಬೇಕು. ಆ ಮನೆಯವರು ಬೇಡ ಅಂದರೆ ಏನು ಮಾಡುವುದು ಎಂಬ ಹೆದರಿಕೆ ಟೀಚರಿಗೆ ಇತ್ತು. ಇಲ್ಲದ್ದನ್ನೆಲ್ಲ ಊಹಿಸಿಕೊಳ್ಳುವುದು ನಮ್ಮ ಊರಿನ ಈಗಿನ ರೋಗ, ಅವರೂ ಅದಕ್ಕೆ ಹೊರತಾಗಿರಲಿಲ್ಲ.

ಕೊನೆಯ ದಿನ ಸುಹರಾ ಮತ್ತು ಮೊಯ್ದೀನಬ್ಬ ಇಬ್ಬರೂ ಬಂದರು. ಮೊಮ್ಮಗಳು ನುಡಿಸಿದ್ದನ್ನು ಕೇಳಿ ಸುಹರಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಣ್ಣೊರೆಸಿದರು. ಮೊಯ್ದೀನಬ್ಬ ಕೇಳಿದ್ದು ಒಂದೇ ಪ್ರಶ್ನೆ.

"ಈ ಸಾಮಾನು ಯಾರದ್ದು ಟೀಚರೇ?"

"ಶಾಲೆಯದ್ದು ಕಾಕಾ. ಹಳೇ ವಿದ್ಯಾರ್ಥಿಯೊಬ್ರು ಕೊಟ್ಟದ್ದು."

"ಹಾಗಾದ್ರೆ ಇದು ಅಮಾನತ್," ಅಂದರು ಅವರು. "ಇನ್ನೊಬ್ರು ನಂಬಿ ಇಟ್ಟ ವಸ್ತು. ಹೇಗೆ ಕೊಟ್ರೋ ಹಾಗೇ ವಾಪಸ್ ಕೊಡ್ಬೇಕು, ಇಲ್ಲದಿದ್ರೆ ನಾಳೆ ಅಲ್ಲಿ ಮೇಲೆ ಉತ್ತರ ಹೇಳ್ಲಿಕ್ಕುಂಟು."

ಮೊಯ್ದೀನಬ್ಬನ ತಂದೆಯ ಕಾಲದಿಂದಲೂ ಆ ಮನೆಗೆ ಈ ಹೆಸರಿತ್ತಂತೆ. ಹಜ್‌ಗೆ ಹೋಗುವವರು, ಗಲ್ಫಿಗೆ ಹೋಗುವವರು ಮನೆಯ ಕೀಲಿಕೈ, ಹೆಂಗಸರ ಚಿನ್ನ, ಜಾಗದ ಕಾಗದ ಎಲ್ಲವನ್ನೂ ಇವರ ಕಪಾಟಿನಲ್ಲಿ ಇಟ್ಟು ಹೋಗುತ್ತಿದ್ದರು. ಪಿಟೀಲೂ ಅದೇ ಕಪಾಟು ಸೇರಿತು. ಬೆಳಿಗ್ಗೆ ಅಜ್ಜಿಯೇ ತೆಗೆದು ಕೊಡುವುದು, ನುಡಿಸಿ ಮುಗಿದ ಮೇಲೆ ಅಜ್ಜಿಯೇ ಒರೆಸಿ ಒಳಗಿಡುವುದು. ಕೇರಿಯವರೊಬ್ಬರು ಹುಡುಗಿಗೆ ಇದೆಲ್ಲ ಯಾಕೆ ಎಂದು ರಾಗ ಎಳೆದಾಗ, ಮಗು ಕಲಿಯುತ್ತದೆ, ನಿನಗೆ ಎಂತ ನಷ್ಟ ಎಂದು ಮೊಯ್ದೀನಬ್ಬ ಗದರಿಸಿ ಕಳುಹಿಸಿದ್ದರಂತೆ. ಟೀಚರ್ ಏಪ್ರಿಲಿನಲ್ಲಿ ಒಮ್ಮೆ ಹೋಗಿ ಬಂದರು, ಮೇ ಸುರುವಿನಲ್ಲಿ ಇನ್ನೊಮ್ಮೆ. ಎರಡನೆಯ ಸಲ ಹೋಗಿ ಬಂದಾಗ ಅವರ ಸ್ವರ ಕೇಳಬೇಕಿತ್ತು. ಹುಡುಗಿ ವರ್ಣದ ಮೊದಲ ಭಾಗವನ್ನು ತಾನೇ ತಿದ್ದಿಕೊಂಡಿದ್ದಾಳೆ ಎಂದು ಫೋನಿನಲ್ಲಿ ನನಗೆ ಹೇಳಿದ್ದೇ ಹೇಳಿದ್ದು. ಪೆಟ್ಟಿಗೆಯ ಒಳಬಟ್ಟೆಯಲ್ಲಿ ಸ್ವಲ್ಪ ಬೂಸ್ಟು ಕಂಡಿತಂತೆ. ಥಂಡಿ ತಾಗದ ಹಾಗೆ ನೋಡಿಕೊಳ್ಳಿ ಎಂದು ಸುಹರಾ ಅವರಿಗೆ ಹೇಳಿ ಬಂದೆ ಎಂದರು.

ಮಂಗಳೂರಿನಲ್ಲಿ ಮೇ ತಿಂಗಳು ಅಂದರೆ ಒಣಗಿಸುವ ತಿಂಗಳು. ಮಳೆ ಹಿಡಿದರೆ ಮತ್ತೆ ನಾಲ್ಕು ತಿಂಗಳು ಬಟ್ಟೆಯೂ ಒಣಗುವುದಿಲ್ಲ. ಅದಕ್ಕೇ ಹಪ್ಪಳ, ಸಂಡಿಗೆ, ಉಪ್ಪು ಹಾಕಿದ ಮಾವಿನಕಾಯಿ, ಒಣಮೀನು, ತಲೆದಿಂಬು, ಹಾಸಿಗೆ, ಕಟ್ಟಿಗೆ ಎಲ್ಲ ಟೆರೇಸಿಗೆ ಹತ್ತುತ್ತವೆ. ಜಾತಿ ಮತ ಯಾವುದೇ ಇರಲಿ, ಈ ಊರಿನ ಹೆಂಗಸರಿಗೆ ಥಂಡಿಗೆ ಗೊತ್ತಿರುವ ಮದ್ದು ಒಂದೇ, ಬಿಸಿಲು. ನನ್ನ ಅಮ್ಮ ರೇಡಿಯೋವನ್ನೂ ಬಿಸಿಲಿಗೆ ಇಟ್ಟವಳು.

ಆಮ್ನಾ ಮತ್ತು ರೈಹಾನಾ ಉಳ್ಳಾಲಕ್ಕೆ ಮದುವೆಗೆ ಹೋಗಿದ್ದರು. ಅಜ್ಜಿಗೆ ಟೀಚರ ಮಾತು ತಲೆಯಲ್ಲೇ ಕುಳಿತಿತ್ತು. ಆಕಾಶದಲ್ಲಿ ಮೋಡ ಕಾಣಿಸತೊಡಗಿದ್ದರಿಂದ ತಡ ಮಾಡುವುದು ಬೇಡ ಎಂದು ಕಪಾಟಿನಿಂದ ಪಿಟೀಲು ತೆಗೆದು ಟೆರೇಸಿಗೆ ಒಯ್ದರು. ಮಸೀದಿಗೆ ಉಡುಗೊರೆ ಕೊಡಲೆಂದು ತೆಗೆದಿಟ್ಟಿದ್ದ ಹೊಸ ಚಾಪೆ ಹಾಸಿ, ಅದರ ಮೇಲೆ ಮಲಗಿಸಿ, ಕಾಗೆ ಬರಬಾರದೆಂದು ಮೇಲಿನಿಂದ ಸೊಳ್ಳೆಪರದೆ ಹೊದೆಸಿದರು. ಮಧ್ಯಾಹ್ನ ಊಟ ಮಾಡಿ ಬಂದು, ಹಪ್ಪಳವನ್ನು ಮಗುಚುವ ಹಾಗೆ ಅದನ್ನೂ ಮಗುಚಿ ಹಾಕಿದರು. ಸಂಜೆ ತೆಗೆದು ನೋಡಿದರೆ ಚೆನ್ನಾಗಿ ಕಂಡಿತು. ಮರುದಿನವೂ ಇಟ್ಟರು. ಮಂಗಳೂರಿನ ಮೇ ಬಿಸಿಲಿನಲ್ಲಿ ಟೆರೇಸಿನ ಸಿಮೆಂಟಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ, ತೆಳ್ಳಗಿನ ಮರ ಏನು ಮಾಡೀತು?

ದೇಯಿ ಟೀಚರಿಗೆ ಫೋನ್ ಮಾಡಿದವರೂ ಸುಹರಾ ಅವರೇ. ಅಡಗಿಸಿಡುವ ಯೋಚನೆಯೇ ಅವರಿಗೆ ಬರಲಿಲ್ಲ.

"ಟೀಚರೇ, ನಿಮ್ಮ ವಯಲಿನ್ ಲಾಯ್ಕ ಒಣಗಿದೆ. ಆದ್ರೆ ಅದು ಬಾಯಿ ಬಿಟ್ಟಿದೆ. ಒಮ್ಮೆ ಬರ್ತೀರಾ?"

ಅವರು ಹೇಳಿದ ಧಾಟಿಗೆ ಟೀಚರಿಗೆ ಮೊದಲು ನಗು ಬಂದದ್ದಂತೆ. ಹೋಗಿ ನೋಡಿದರೆ ಅಂಟು ಬಿಟ್ಟು ಮೇಲಿನ ಹಲಗೆ ಎದ್ದಿತ್ತು, ಕೆಳಗಿನವರೆಗೂ ಒಂದು ಉದ್ದ ಬಿರುಕು, ಕುತ್ತಿಗೆ ವಾಲಿತ್ತು, ಮೇಲಿನ ವಾರ್ನಿಷ್ ಗುಳ್ಳೆ ಗುಳ್ಳೆಯಾಗಿತ್ತು. ಮದುವೆಯಿಂದ ಬಂದಿದ್ದ ಆಮ್ನಾ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದಳು. ಸುಹರಾ ಟೀಚರ ಮುಖವನ್ನೇ ನೋಡುತ್ತಿದ್ದರು.

"ನಾನು ಹಾಳು ಮಾಡಿದ್ದಾ ಟೀಚರೇ?"

"ನೀವು ಹಾಳು ಮಾಡಿದ್ದಲ್ಲ ಸುಹರಕ್ಕ. ಬಿಸಿಲಿಗೆ ಇಡಬಾರದು ಅಂತ ನಾನು ಹೇಳ್ಲೇ ಇಲ್ಲ."

ಆ ಮಾತನ್ನು ಅವರು ಕೇವಲ ಮುದುಕಿಯ ಸಮಾಧಾನಕ್ಕೆ ಹೇಳಿದ್ದಲ್ಲ, ನಂಬಿ ಹೇಳಿದ್ದರು. ರಿಪೇರಿಯವನ ಹತ್ತಿರ ಒಯ್ದರು. ಆತ ತಿರುಗಿಸಿ ಮುರುಗಿಸಿ ನೋಡಿ, ಇದು ಸರಿಯಾಗದ್ದೇನಲ್ಲ, ಮಳೆ ಕಳೆಯಲಿ, ಬಿಚ್ಚಿ ಅಂಟು ಹಾಕಿ ಕೊಡುತ್ತೇನೆ, ನಾದಕ್ಕೆ ಏನೂ ಆಗುವುದಿಲ್ಲ ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಒಂದು ಮಳೆಗಾಲ ಕಾಯುವ ತಾಳ್ಮೆ ಇದ್ದಿದ್ದರೆ ಮುಗಿಯುತ್ತಿತ್ತು.

ಆದರೆ ನಮ್ಮ ಶಾಲೆಯ ಸಂಚಾಲಕರಿಗೆ ಪ್ರಾರಂಭೋತ್ಸವ ಇತ್ತು. ಪಿಟೀಲು ದಾನ ಮಾಡಿದ ಹಳೆ ವಿದ್ಯಾರ್ಥಿ ಬಹರೈನಿನಿಂದ ಬಂದಿದ್ದಾರೆ, ಜೂನಿನಲ್ಲಿ ಶಾಲೆ ತೆರೆಯುವ ದಿನ ಅವರೇ ಮುಖ್ಯ ಅತಿಥಿ, ಅವರ ಹೆಸರು ಬರೆದ ಪಟ್ಟಿ ಇರುವ ಪಿಟೀಲು ವೇದಿಕೆಯಲ್ಲಿ ಕಾಣಲೇಬೇಕು. ಪಿಟೀಲು ಎಲ್ಲಿ ಎಂದು ಹುಡುಕಿದಾಗ ವಿಷಯ ಹೊರಗೆ ಬಂತು. ಟೀಚರಿಗೆ ಕರೆ ಹೋಯಿತು, ಆಮ್ನಾಳ ಮನೆಗೂ ಹೋಯಿತು. ಪುಸ್ತಕ ವಿತರಣೆಯ ಕೆಲಸಕ್ಕೆ ನಾನೂ ಆ ದಿನ ಆಫೀಸಿನಲ್ಲಿದ್ದೆ.

ಮೊಯ್ದೀನಬ್ಬ ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಬಂದು ಬಾಗಿಲ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಒಳಗೆ ಸಂಚಾಲಕರು ಸ್ವರ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

"ಶಾಲೆಯ ಸೊತ್ತನ್ನು ಮನೆಮನೆಗೆ ಹಂಚ್ಲಿಕ್ಕೆ ನಿಮಗೆ ಹೇಳಿದ್ದು ಯಾರು? ಹಂಚುವುದಾದ್ರೂ ಯಾವ ಮನೆಗೆ ಎಂತ ಕೊಡ್ಬೇಕು ಅಂತ ಬುದ್ಧಿ ಬೇಡ್ವಾ ಟೀಚರ್? ಅಂಥ ಮನೆಗೆ ವಯಲಿನ್ ಕೊಟ್ರೆ ಮತ್ತೆಂತ ಆಗ್ತದೆ?"

ಸೌಹಾರ್ದ ದಿನಾಚರಣೆಯಲ್ಲಿ ಮೈಕ್ ಬಿಡದೆ ಭಾಷಣ ಮಾಡುವ ಮನುಷ್ಯನ ಬಾಯಿಂದ ಬಂದ ಮಾತಿದು. ನನ್ನ ಮೈ ಉರಿದುಹೋಯಿತು. ನಾನು ಏನೋ ಹೇಳಲು ಹೋದೆ, ದೇಯಿ ಟೀಚರ್ ನನಗಿಂತ ಮೊದಲು ಹೇಳಿದರು.

"ಅಂಥ ಮನೆ ಅಂದ್ರೆ ಎಂತ ಸಾರ್? ಮೇ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಎಂತದೂ ಒಣಗಿಸುವುದಿಲ್ವಾ? ತಪ್ಪು ನನ್ನದು, ನಾನು ಸರಿಯಾಗಿ ಹೇಳ್ಲಿಲ್ಲ. ಎಂತ ಬೈಯುವುದಿದ್ರೂ ನನಗೆ ಬೈಯಿರಿ. ಅದು ರಿಪೇರಿ ಆಗ್ತದೆ. ಮಳೆ ಹೋಗುವವರೆಗೆ ಸಮಯ ಕೊಡಿ."

"ಪ್ರಾರಂಭೋತ್ಸವ ಮಳೆ ಹೋದ ಮೇಲೆ ಮಾಡ್ಲಿಕ್ಕಾಗ್ತದಾ?" ಅಂದರು ಸಂಚಾಲಕರು.

ಹೊರಗಿನ ಬೆಂಚು ಕಿರುಗುಟ್ಟಿತು. ಮೊಯ್ದೀನಬ್ಬ ಬಾಗಿಲಲ್ಲಿ ಬಂದು ನಿಂತರು. ಅವರ ಮುಖ ಕೆಂಪಾಗಿತ್ತು, ಸ್ವರ ಮಾತ್ರ ವ್ಯಾಪಾರದವರ ಸಮಾಧಾನದ ಸ್ವರ.

"ನೀವು ಜಗಳ ಮಾಡ್ಬೇಡಿ. ನಮ್ಮ ಮನೆಯಲ್ಲಿ ಹಾಳಾದದ್ದು, ನಾವು ಕೊಡ್ತೇವೆ. ಇದಕ್ಕಿಂತ ಒಳ್ಳೇದೇ ಕೊಡ್ತೇವೆ. ಆದ್ರೆ ಒಂದು. ನಮ್ಮದು ಅಮಾನತ್ ತಿನ್ನುವ ಮನೆ ಅಲ್ಲ. ಅದನ್ನು ನೀವು ನೆನಪಿಟ್ಟುಕೊಳ್ಳಿ."

ಟೀಚರ್ ಮೊಯ್ದೀನಬ್ಬನ ಹಿಂದೆ ಗೇಟಿನವರೆಗೂ ಓಡಿದರು. ಕೊಡಬೇಡಿ ಕಾಕಾ, ನಾನು ಇವರ ಹತ್ತಿರ ಮಾತಾಡುತ್ತೇನೆ, ಹೊಸದು ತರುವುದೇ ಆದರೆ ಅದು ಆಮ್ನಾಳ ಕೈಯಲ್ಲಿರಲಿ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅಮಾನತ್ ಮುರಿದ ಮನೆ ಎಂಬ ಮಾತು ಬಂದರಿನವರೆಗೂ ಹೋದರೆ ಆ ಮನುಷ್ಯನಿಗೆ ಅಂಗಡಿ ಬಾಗಿಲು ತೆಗೆಯಲೂ ನಾಚಿಕೆ. ಅವರಿಗೆ ಆಗ ಕಂಡದ್ದು ಮರ್ಯಾದೆ ಒಂದೇ, ಮೊಮ್ಮಗಳ ಕೈ ಕಾಣಲಿಲ್ಲ.

ಪ್ರಾರಂಭೋತ್ಸವದ ಹಿಂದಿನ ದಿನ ಆಮ್ನಾಳ ಚಿಕ್ಕಪ್ಪ ಅಝರ್ ಕಾರಿನಲ್ಲಿ ಹೊಸ ಪಿಟೀಲು ತಂದು ಆಫೀಸಿನಲ್ಲಿಟ್ಟ. ಹೊಳೆಯುವ ಪಿಟೀಲು, ಗಟ್ಟಿ ಪೆಟ್ಟಿಗೆ. ಸಂಚಾಲಕರು ಹಲ್ಲು ಕಿರಿದು, ಸಂತೋಷ, ನೀವೆಲ್ಲ ಶಾಲೆಯ ಹಿತೈಷಿಗಳು ಎಂದು ಅವನ ಕೈಕುಲುಕಿದರು. ಹಳೆಯ ಪೆಟ್ಟಿಗೆಯ ಮೇಲಿದ್ದ ಹೆಸರಿನ ಪಟ್ಟಿಯನ್ನು ಕಿತ್ತು ಈ ಹೊಸದರ ಪೆಟ್ಟಿಗೆಗೆ ಅಂಟಿಸಿದರು. ಮರುದಿನ ಮುಖ್ಯ ಅತಿಥಿ ಬಂದರು, ಮಕ್ಕಳಿಗೆ ಹೂ ಕೊಟ್ಟರು, ದೀಪ ಹಚ್ಚಿದರು, ಬೋಂಡಾ ತಿಂದರು, ಹೋದರು. ವೇದಿಕೆಯ ಮೇಲಿದ್ದ ಪಿಟೀಲಿನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ತಾನು ಅಂಥದ್ದೊಂದನ್ನು ಕೊಟ್ಟದ್ದು ಅವರಿಗೆ ನೆನಪಿತ್ತೋ ಇಲ್ಲವೋ!

ಅದೇ ವಾರ ಸುತ್ತೋಲೆ ಬಂತು, ಇನ್ನು ಮುಂದೆ ಯಾವ ವಾದ್ಯವೂ ಶಾಲೆಯ ಹೊರಗೆ ಹೋಗಕೂಡದು. ಹೊಸ ಪಿಟೀಲು ಆಫೀಸಿನ ಗಾಜಿನ ಕಪಾಟು ಸೇರಿತು, ಟ್ರೋಫಿಗಳ ಮಧ್ಯೆ. ಕ್ಲಾಸಿಗೆ ಬೇಕು ಎಂದು ಟೀಚರ್ ಎಷ್ಟು ಸಲ ಕೇಳಿದರೂ, ವಾರ್ಷಿಕೋತ್ಸವಕ್ಕೆ ತೆಗೆಯೋಣ ಎಂಬ ಉತ್ತರ. ಆಗಸ್ಟಿನ ಹೊತ್ತಿಗೆ ಆ ಗಾಜಿನೊಳಗೆ ಅದರ ಬೆರಳಾಡಿಸುವ ಕಪ್ಪು ಹಲಗೆಯ ಮೇಲೆ ಬಿಳಿ ಬೂಸ್ಟು ಹಿಡಿದಿತ್ತು. ಅದನ್ನು ಬಿಸಿಲಿಗಿಡುವ ಪುಣ್ಯಾತ್ಮರೂ ನಮ್ಮ ಶಾಲೆಯಲ್ಲಿ ಇರಲಿಲ್ಲ.

ಆಮ್ನಾ ಎಂಟನೇ ಕ್ಲಾಸಿಗೆ ಬಂದಳು. ಸಂಗೀತದ ಕ್ಲಾಸಿಗೆ ಬರಲಿಲ್ಲ. ಟೀಚರ್ ಕರೆದರೆ ತಲೆನೋವು ಎನ್ನುತ್ತಿದ್ದಳು, ಹೋಂವರ್ಕ್ ಉಂಟು ಎನ್ನುತ್ತಿದ್ದಳು. ವಯಲಿನ್ ಒಡೆದವಳು ಎಂದು ಕೆಲವು ಮಕ್ಕಳು ಅವಳನ್ನು ಚಾಳಿಸುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ಇಬ್ಬರನ್ನು ಹಿಡಿದು ಸರಿಯಾಗಿ ಬೈದೆ. ಬೈದರೆ ಬಾಯಿ ಮುಚ್ಚುತ್ತದೆ, ಅಷ್ಟೇ. ಜೂನಿಯರ್ ಪರೀಕ್ಷೆಗೆ ಆ ವರ್ಷ ಡಿಯೋನ್ ಒಬ್ಬನೇ ಕೂತ. ಅವನ ಮನೆಯಲ್ಲಿ ಅವನದ್ದೇ ಪಿಟೀಲು ಇತ್ತು, ಚರ್ಚಿನಲ್ಲೂ ನುಡಿಸುತ್ತಿದ್ದ. ಅವನು ಪಾಸಾದಾಗ ಟೀಚರ್ ಲಡ್ಡು ತಂದು ಹಂಚಿದರು, ಮನಸ್ಸಿಟ್ಟು ಹಂಚಿದ ಹಾಗೆ ಕಾಣಲಿಲ್ಲ.

ದೇಯಿ ಟೀಚರ್ ಆ ವರ್ಷ ಬೇಗ ಬೇಗ ಮುದುಕಿಯಾದರು. ನಡಿಗೆ ನಿಧಾನವಾಯಿತು, ತಮಾಷೆ ನಿಂತಿತು. ನಾನು ಕೋಪದಲ್ಲಿ, "ನೀವು ಯಾಕೆ ಟೀಚರೇ ತಪ್ಪು ನನ್ನದು ಅಂತ ಒಪ್ಪಿಕೊಂಡದ್ದು? ಅವರು ಅದನ್ನೇ ಹಿಡಿದುಕೊಂಡ್ರು" ಎಂದೆ. "ಒಪ್ಪಿಕೊಳ್ಳದಿದ್ರೆ ಆ ಮುದುಕಿ ಮೇಲೆ ಹೋಗ್ತಿತ್ತಲ್ಲ" ಎಂದರು. ಅದು ಹೇಗೂ ಆ ಮುದುಕಿಯ ಮೇಲೆಯೇ ಹೋಗಿತ್ತು. ಒಳ್ಳೆಯತನದಿಂದ ಏನನ್ನೂ ತಡೆಯಲು ಆಗುವುದಿಲ್ಲ ಎಂದು ಆ ದಿನ ನನಗೆ ಖಂಡಿತವಾಯಿತು, ಈಗಲೂ ನನಗೆ ಹಾಗೆಯೇ ಅನಿಸುತ್ತದೆ.

ಮಳೆಗಾಲ ಕಳೆದ ಮೇಲೆ ರಿಪೇರಿಯವನು ಮಾತಿಗೆ ತಪ್ಪದೆ ಹಳೆ ಪಿಟೀಲನ್ನು ಸರಿ ಮಾಡಿ ಕೊಟ್ಟ. ಶಾಲೆಯವರು ಅದನ್ನು ಗುಜರಿ ಎಂದು ಬರೆದು ಕೈ ತೊಳೆದುಕೊಂಡಿದ್ದರು, ಹಾಗಾಗಿ ಅದು ಟೀಚರ ಹತ್ತಿರವೇ ಉಳಿಯಿತು. ಬಿರುಕಿನ ಗೆರೆ ಕಾಣುತ್ತಿತ್ತು. ನಾದ ಮಾತ್ರ ಮೊದಲಿಗಿಂತ ಒಂದು ತೂಕ ಹೆಚ್ಚೇ ಎಂದು ಟೀಚರ್ ನುಡಿಸಿ ತೋರಿಸಿದರು. ಆ ದಿನ ಬಹಳ ಸಮಯದ ನಂತರ ಅವರು ನಕ್ಕದ್ದು.

ಮರುವರ್ಷದ ಏಪ್ರಿಲ್ ಬಂತು. ನಮ್ಮ ಶಾಲೆಯ ಗೇಟಿನಲ್ಲಿ ದೊಡ್ಡ ಬ್ಯಾನರ್ ಎದ್ದಿತು, ಬೇಸಗೆ ಶಿಬಿರ. ಹೊರಗಿನ ಒಂದು ತಂಡದವರು ಬಂದು ಕೀಬೋರ್ಡ್ ಕಲಿಸುತ್ತಾರಂತೆ, ಹತ್ತು ದಿನಕ್ಕೆ ಸರ್ಟಿಫಿಕೇಟು. ದೇಯಿ ಟೀಚರನ್ನು ಉದ್ಘಾಟನೆಗೆ ಪ್ರಾರ್ಥನೆ ಹಾಡಲು ಮಾತ್ರ ಕರೆದಿದ್ದರು. ಅವರು ಹಾಡಿ, ಕೆಳಗಿಳಿದು, ಸೀದಾ ನನ್ನ ಹತ್ತಿರ ಬಂದರು.

"ನಿಮ್ಮ ಸ್ಕೂಟರ್ ಉಂಟಲ್ಲ? ಕುದ್ರೋಳಿಗೆ ಹೋಗುವ."

ಮಡಿಲಲ್ಲಿ ಪಿಟೀಲಿನ ಪೆಟ್ಟಿಗೆ ಇಟ್ಟುಕೊಂಡು ಹಿಂದೆ ಕುಳಿತರು. ದಾರಿಯಲ್ಲಿ ಅವರದ್ದು ಒಂದೇ ಮಾತು. ಇದು ಈಗ ಯಾರದ್ದೂ ಅಲ್ಲ, ಯಾರೂ ವಾಪಸ್ ಕೇಳುವುದಿಲ್ಲ, ಇದನ್ನು ಬೇಡ ಅನ್ನಲು ಅವರಿಗೆ ಕಾರಣವೇ ಇಲ್ಲ. ಒಂದು ವರ್ಷ ಹೋದರೂ ಅಂಥ ಕೈ ಎರಡು ತಿಂಗಳಲ್ಲಿ ವಾಪಸ್ ಬರುತ್ತದೆ. ಮುದುಕಿಗೆ ಹೇಗೆ ಹೇಳಬೇಕು, ಮುದುಕನಿಗೆ ಹೇಗೆ ಹೇಳಬೇಕು ಎಂದು ಸಿಗ್ನಲಿನಲ್ಲಿ ನಿಂತಾಗಲೂ ಪಾಠ ಮಾಡಿಕೊಳ್ಳುತ್ತಿದ್ದರು. ಇದು ಆಗುತ್ತದೆ ಎಂದು ನನಗೂ ಆಸೆ ಬಂತು.

ಸುಹರಾ ನಮ್ಮನ್ನು ಕಂಡು ಎರಡೂ ಕೈ ಹಿಡಿದು ಒಳಗೆ ಕರೆದರು. ಚಾ ಬಂತು, ಬಿಸಿ ಕಲ್ತಪ್ಪ ಬಂತು. ಪೆಟ್ಟಿಗೆಯನ್ನು ಮಾತ್ರ ಅವರು ನೋಡದವರ ಹಾಗೆ ಇದ್ದರು. ಟೀಚರ್ ಪೆಟ್ಟಿಗೆ ತೆರೆದು ತೋರಿಸಿ ತಮ್ಮ ಪಾಠವನ್ನೆಲ್ಲ ಒಪ್ಪಿಸಿದರು. ಒಳಗಿನಿಂದ ಮೊಯ್ದೀನಬ್ಬ ಬಂದು ಕುಳಿತು ಕೊನೆಯವರೆಗೂ ಕೇಳಿದರು.

"ಇದು ಅಮಾನತ್ ಅಲ್ಲ ಕಾಕಾ. ನಾನು ಆಮ್ನಾಳಿಗೆ ಕೊಡುವುದು. ಒಡೆದು ಹೋದ್ರೂ ಯಾರೂ ಕೇಳ್ಲಿಕ್ಕಿಲ್ಲ."

ಮೊಯ್ದೀನಬ್ಬ ಪಿಟೀಲಿನ ಬಿರುಕಿನ ಗೆರೆಯನ್ನೇ ನೋಡುತ್ತಿದ್ದರು.

"ಟೀಚರೇ, ನಿಮ್ಮ ಮೇಲೆ ನಮಗೆ ಎಂತ ಬೇಜಾರೂ ಇಲ್ಲ. ಅಲ್ಲಾಹನಾಣೆ ಇಲ್ಲ. ಆದ್ರೆ ಇದು ಈ ಮನೆಯಲ್ಲಿ ಒಡೆದದ್ದು. ಇದನ್ನು ದಿನಾ ನೋಡ್ಲಿಕ್ಕೆ ಇವಳಿಗೆ ಆಗ್ಲಿಕ್ಕಿಲ್ಲ," ಎಂದು ಹೆಂಡತಿಯ ಕಡೆ ತೋರಿಸಿದರು. "ಅಂಥ ಮನೆ ಅಂತ ಹೇಳಿದ್ದು ನನ್ನ ಕಿವಿಯಲ್ಲಿ ಉಂಟು. ಇನ್ನೊಬ್ರ ಸಾಮಾನು ನಮಗೆ ಇನ್ನು ಬೇಡ."

ಸುಹರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ನಾನು ಒಳ್ಳೇದಕ್ಕೆ ಇಟ್ಟದ್ದು ಟೀಚರೇ," ಎಂದಷ್ಟೇ ಹೇಳಿದರು. ವರ್ಷವಿಡೀ ಅವರು ಮನೆಯವರಿಗೆಲ್ಲ ಹೇಳುತ್ತಾ ಬಂದ ಮಾತೇ ಅದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ದೇಯಿ ಟೀಚರ್ ಎದ್ದು ಹೋಗಿ ಅವರ ಪಕ್ಕ ಕುಳಿತು ಭುಜ ಸವರಿದರು. ನನಗೆ ಸಂಚಾಲಕರ ಕುತ್ತಿಗೆ ಪಟ್ಟಿ ಹಿಡಿದು ತಂದು ಇವರ ಎದುರು ನಿಲ್ಲಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಆಮ್ನಾ ಹೊರಗಿನಿಂದ ಬಂದಳು. ಉದ್ದಕ್ಕೆ ಬೆಳೆದಿದ್ದಳು. ಬೆವರಿನಲ್ಲಿ ತೊಯ್ದ ಬಿಳಿ ಬಟ್ಟೆ, ನಡುವಿಗೆ ಹಳದಿ ಪಟ್ಟಿ. ತೆರೆದಿಟ್ಟ ಪಿಟೀಲನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಒಂದು ಹೆಜ್ಜೆ ಮುಂದಿಟ್ಟಳು, ಅಜ್ಜಿಯನ್ನು ನೋಡಿದಳು, ಅಲ್ಲೇ ನಿಂತಳು.

"ಒಮ್ಮೆ ನುಡಿಸ್ತೀಯಾ ಮಗಾ? ಒಂದೇ ಸಲ," ಎಂದರು ಟೀಚರ್. ಅವರ ಸ್ವರ ಬೇಡುವವರ ಸ್ವರವಾಗಿತ್ತು.

ಆಮ್ನಾ ತಲೆ ಅಲ್ಲಾಡಿಸಿದಳು. ಆಮೇಲೆ ಟೀಚರ ಹತ್ತಿರ ಬಂದು, ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಟೀಚರಿಗೆ ಬೇಜಾರಾಗಬಾರದು ಎಂದು ಅವರನ್ನೇ ಸಮಾಧಾನ ಮಾಡುವ ಹಾಗೆ ಹೇಳಿದಳು:

"ನಾನು ಕರಾಟೆಗೆ ಸೇರಿದ್ದೇನೆ ಟೀಚರ್. ಅದು ಒಳ್ಳೇದು. ಮನೆಗೆ ಎಂತದೂ ತರ್ಲಿಕ್ಕಿಲ್ಲ. ಬರೀ ಕೈಯಲ್ಲಿ ಹೋದ್ರೆ ಆಯ್ತು."